ಮಳೆಗಾಲದ ಪರಿಹಾರ ಕೆಲಸ, ನೆಲ ನೀರು ಕೆಡದ ಹಾಗೆ: ಕೊಡಗಿನ ಸ್ವಯಂಸೇವಕ ತಂಡಗಳಿಗೆ ಸಮಗ್ರ ಮಾರ್ಗದರ್ಶಿ

ಪ್ರತಿ ಮಳೆಗಾಲ ಮುಗಿದ ಮೇಲೂ ಅದೇ ದೂರುಗಳು ಬರುತ್ತವೆ. ಕಾಳಜಿ ಕೇಂದ್ರ (ಸಂತ್ರಸ್ತರು ತಂಗುವ ಜಾಗ) ನಡೆದ ಶಾಲೆಯ ಹಿಂದೆ ನೀರಿನ ಬಾಟಲಿ, ಥರ್ಮಾಕೋಲ್ ತಟ್ಟೆ, ಒದ್ದೆ ಬಟ್ಟೆಯ ರಾಶಿ. ರಸ್ತೆಯಿಂದ ತೆಗೆದ ಮಣ್ಣೆಲ್ಲ ಪಕ್ಕದ ತೋಡಿನಲ್ಲಿ (ಸಣ್ಣ ಹಳ್ಳದಲ್ಲಿ). ಬಾವಿಗೆ ಲೆಕ್ಕವಿಲ್ಲದೆ ಬ್ಲೀಚಿಂಗ್ ಪೌಡರ್ ಸುರಿದು, ಆ ವಾಸನೆಗೆ ಹೆದರಿ ಜನ ಮತ್ತೆ ಹೊಳೆ ನೀರನ್ನೇ ತರುತ್ತಿದ್ದಾರೆ.

ಕೆಲಸ ಮಾಡಿದವರ ಮನಸ್ಸು ಒಳ್ಳೆಯದೇ. ತಪ್ಪುತ್ತಿರುವುದು ಕ್ರಮ. ಹೆಚ್ಚಿನ ತಂಡಗಳಿಗೆ ಪರಿಸರದ ನೆನಪಾಗುವುದು ಮೂರನೇ ದಿನ, ಕಸ ಕಣ್ಣಿಗೆ ಬಿದ್ದ ಮೇಲೆ. ಅಷ್ಟರಲ್ಲಿ ಬಾಟಲಿ ತುಂಬಿದ ಲಾರಿ ಬಂದಿರುತ್ತದೆ, ಜೆಸಿಬಿ ಮಣ್ಣು ತಳ್ಳಿರುತ್ತದೆ. ಆಮೇಲೆ 'ಪ್ಲಾಸ್ಟಿಕ್ ಬೇಡ' ಅಂತ ಬೋರ್ಡ್ ಹಾಕಿ ಏನು ಪ್ರಯೋಜನ? ಹಾಗಾಗಿ ಈ ಬರಹ ಮೇ ತಿಂಗಳಿಂದ ಶುರುವಾಗುತ್ತದೆ.

ಹಂತ 1: ಮೇ ತಿಂಗಳಲ್ಲೇ ಊರು ಸುತ್ತಿ ನಕ್ಷೆ ಮಾಡಿ

ಒಂದು ದೊಡ್ಡ ಹಾಳೆ, ನಾಲ್ಕು ಬಣ್ಣದ ಪೆನ್ನು ಸಾಕು. ಮೊಬೈಲ್ ನಕ್ಷೆ ಇದ್ದರೂ ಕಾಗದದ್ದು ಇರಲಿ, ಮಳೆ ಜೋರಾದಾಗ ಮೊದಲು ಹೋಗುವುದೇ ನೆಟ್‌ವರ್ಕ್ ಮತ್ತು ಕರೆಂಟ್.

ನೀರಿನ ದಾರಿಗಳನ್ನು ಮೊದಲು ಬರೆಯಿರಿ: ಹೊಳೆ, ತೋಡು, ಬಾವಿ, ಕೆರೆ, ಮೋರಿ. ಬೇಸಿಗೆಯಲ್ಲಿ ಒಣಗಿ ಮಳೆಗಾಲದಲ್ಲಿ ಮಾತ್ರ ಹರಿಯುವ ಸಣ್ಣ ಹರಿವುಗಳೂ ಬೇಕು. ಅವು ವಯಸ್ಸಾದವರಿಗೆ ಮತ್ತು ತೋಟದ ಕೆಲಸದವರಿಗೆ ಗೊತ್ತಿರುತ್ತವೆ, ಅವರನ್ನು ಕರೆದುಕೊಂಡೇ ನಡೆಯಿರಿ. ಆಮೇಲೆ ಮನೆ, ತೋಟದ ಕೆಲಸದವರ ಲೈನ್ ಮನೆ, ರಸ್ತೆಗಾಗಿ ಕಡಿದ ಬರೆಗಳು (ಗುಡ್ಡ ಕಡಿದ ಕಡೆ ಉಳಿಯುವ ಮಣ್ಣಿನ ಗೋಡೆ). 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಕುಸಿತವಾದಾಗ ಭೂವಿಜ್ಞಾನಿಗಳು ಬೊಟ್ಟು ಮಾಡಿದ ಕಾರಣಗಳಲ್ಲಿ, ಸುರಿದ ಮಳೆಯ ಜೊತೆ, ಇಳಿಜಾರು ಕಡಿದು ರಸ್ತೆ, ಮನೆ ಕಟ್ಟಿದ್ದೂ ಇತ್ತು. ನಿಮ್ಮ ಊರಿನಲ್ಲಿ ನೆಟ್ಟಗೆ ಕಡಿದ ಬರೆ ಎಲ್ಲೆಲ್ಲಿದೆ ಅನ್ನುವುದು ನಕ್ಷೆಯಲ್ಲಿ ಕೆಂಪಗೆ ಕಾಣಬೇಕು.

ಮೂರನೆಯದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ: ವಿಷದ ಸಾಮಾನು. ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ, ಕೀಟನಾಶಕ, ಕಳೆನಾಶಕ, ಗೊಬ್ಬರ, ಡೀಸೆಲ್ ಕ್ಯಾನು ಯಾವ ಯಾವ ಗೋದಾಮಿನಲ್ಲಿ, ನೆಲದಿಂದ ಎಷ್ಟು ಎತ್ತರದಲ್ಲಿವೆ? ಕಾವೇರಿ ತುಂಬಿದಾಗ ಕರಡಿಗೋಡು, ನೆಲ್ಯಹುದಿಕೇರಿ, ಕೊಂಡಂಗೇರಿ ಕಡೆ ನೀರು ಮನೆಯೊಳಗೇ ಬರುತ್ತದೆ. ಅಂಥ ಕಡೆ ಇವನ್ನು ಜೂನ್‌ಗೆ ಮುಂಚೆ ಅಟ್ಟಕ್ಕೆ ಏರಿಸಿ. ಒಮ್ಮೆ ನೀರಿಗೆ ಬೆರೆತ ಮೇಲೆ ಅದನ್ನು ಬೇರೆ ಮಾಡಲು ಯಾರಿಂದಲೂ ಆಗುವುದಿಲ್ಲ.

ಕೊನೆಗೆ, ಮಣ್ಣು ಹಾಕಲು ಸರಿಯಾದ ಎರಡು ಜಾಗ ಗುರುತಿಸಿ ಪಂಚಾಯತಿಯಿಂದ ಒಪ್ಪಿಗೆ ಪಡೆಯಿರಿ. ಇದು ಯಾಕೆ ಅಂತ ಹಂತ 7ರಲ್ಲಿ ಗೊತ್ತಾಗುತ್ತದೆ.

ಹಂತ 2: ಸಾಮಾನು ಹೊಂದಿಸಿ, ಆದಷ್ಟು ಸಾಲ ತನ್ನಿ

ಹೊಸದಾಗಿ ಕೊಳ್ಳುವುದು ಕಡಿಮೆ ಇರಲಿ. ಸ್ಟೀಲ್ ತಟ್ಟೆ, ಲೋಟ, ದೊಡ್ಡ ಪಾತ್ರೆಗಳು ಸಮಾಜದ ಕಲ್ಯಾಣ ಮಂಟಪದಲ್ಲಿ, ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಇದ್ದೇ ಇರುತ್ತವೆ. ಮಳೆಗಾಲದಲ್ಲಿ ಮದುವೆ ಕಮ್ಮಿ, ಮಂಟಪದವರು ಕೊಡುತ್ತಾರೆ. ಎಷ್ಟು ತಟ್ಟೆ, ಯಾರ ಕೈಗೆ, ಕೀ ಯಾರ ಹತ್ತಿರ ಅಂತ ಮೇ ತಿಂಗಳಲ್ಲೇ ಬರೆದಿಟ್ಟುಕೊಳ್ಳಿ.

ನಿಮ್ಮದೇ ಆಗಿರಬೇಕಾದವು: ಹಾರೆ, ಗುದ್ದಲಿ, ಕತ್ತಿ, ಬಾಂಡ್ಲಿ, ಹಗ್ಗ, ಗಮ್‌ಬೂಟು, ದಪ್ಪ ಕೈಗವಸು, ನಲ್ಲಿ ಇರುವ 20 ಲೀಟರ್ ಕ್ಯಾನುಗಳು, 1000 ಲೀಟರಿನ ಎರಡು ಟ್ಯಾಂಕ್, ಪಟಿಕ, ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಬ್ಲೀಚಿಂಗ್ ಪೌಡರ್, ಗ್ರಾಂ ತೋರಿಸುವ ಸಣ್ಣ ತಕ್ಕಡಿ, ಕ್ಲೋರಿನ್ ಪರೀಕ್ಷಾ ಕಿಟ್, ದಪ್ಪ ಟಾರ್ಪಾಲು, ಅಳತೆ ಟೇಪು.

ಸೋಲಾರ್ ದೀಪದ ಬಗ್ಗೆ ಒಂದು ಮಾತು. ಬಯಲುಸೀಮೆಯಲ್ಲಿ ಚೆನ್ನಾಗಿ ನಡೆಯುವ ಸೋಲಾರ್ ಲಾಟೀನು ನಮ್ಮ ಕಕ್ಕಡ ಮಾಸದ (ಜುಲೈ-ಆಗಸ್ಟ್) ಮೋಡದಲ್ಲಿ ದಿನಗಟ್ಟಲೆ ಚಾರ್ಜ್ ಆಗುವುದಿಲ್ಲ. ಪರಿಸರಕ್ಕೆ ಒಳ್ಳೆಯದು ಅಂತ ಅದನ್ನೇ ನಂಬಿ ಕೂತರೆ ರಾತ್ರಿ ಕತ್ತಲೆ. ಕರೆಂಟಿನಲ್ಲೂ ಚಾರ್ಜ್ ಆಗುವ ಎಲ್‌ಇಡಿ ದೀಪ ಇರಲಿ. ಜನರೇಟರ್ ದಿನಕ್ಕೆ ಎರಡು ಹೊತ್ತು ಮಾತ್ರ ಓಡಲಿ, ಆ ಹೊತ್ತಿನಲ್ಲೇ ಎಲ್ಲ ಚಾರ್ಜ್ ಮುಗಿಸಿ. ಜನರೇಟರ್ ಅಡಿಗೆ ಮರಳೋ ಮರದ ಹೊಟ್ಟೋ ಹಾಕಿದ ಅಗಲವಾದ ತಗಡಿನ ತಟ್ಟೆ ಇಡಿ, ಸೋರಿದ ಡೀಸೆಲ್ ಅಲ್ಲೇ ನಿಲ್ಲುತ್ತದೆ. ಒಳಗೆ, ಜಗಲಿಯಲ್ಲಿ ಜನರೇಟರ್ ಇಡಲೇಬಾರದು, ಅದರ ಹೊಗೆ ಜೀವ ತೆಗೆಯುತ್ತದೆ.

ಹಂತ 3: ಅಪಾಯದ ಸೂಚನೆ ಕಂಡರೆ ಉಳಿದದ್ದೆಲ್ಲ ಬದಿಗೆ

ಜೀವ ಉಳಿಸುವ ಹೊತ್ತಿನಲ್ಲಿ ಬಾಟಲಿ ನೀರೇ ಇದ್ದರೆ ಬಾಟಲಿ ನೀರೇ ಕೊಡಿ. ಅಲ್ಲಿ ಚರ್ಚೆ ಬೇಡ.

ಕೊಡಗಿನಲ್ಲಿ ಅನೇಕ ತೋಟಗಳಲ್ಲಿ ಮಳೆ ಲೆಕ್ಕ ಇಡುತ್ತಾರೆ, ಅದೂ ಇಂಚಿನಲ್ಲಿ. ಹವಾಮಾನ ಇಲಾಖೆ ಹೇಳುವುದು ಮಿಲಿಮೀಟರಿನಲ್ಲಿ. 24 ಗಂಟೆಯಲ್ಲಿ 204.4 ಮಿ.ಮೀ. ದಾಟಿದರೆ ಇಲಾಖೆಯ ಲೆಕ್ಕದಲ್ಲಿ ಅದು ಅತ್ಯಂತ ಭಾರೀ ಮಳೆ, ಅಂದರೆ ಸುಮಾರು 8 ಇಂಚು. ಆದರೆ ಒಂದೇ ದಿನದ ಲೆಕ್ಕ ನೋಡಿ ಸಮಾಧಾನ ಪಡಬೇಡಿ. ವಾರಗಟ್ಟಲೆ ನೆನೆದ ನೆಲಕ್ಕೆ ಕುಸಿಯಲು ಅಷ್ಟು ಮಳೆ ಬೇಕಾಗಿಲ್ಲ. ನಕ್ಷೆಯ ಪಕ್ಕದಲ್ಲೇ ದಿನದ ಮಳೆಯನ್ನೂ ಒಟ್ಟು ಮಳೆಯನ್ನೂ ಬರೆಯುತ್ತಾ ಹೋಗಿ.

ಜಾಗ ಬಿಡಲು ಹೇಳುವ ಸೂಚನೆಗಳು ಇವು:

- ಮನೆಯ ಹಿಂದಿನ ಬರೆಯ ಮೇಲೆ ಅಥವಾ ಅಂಗಳದಲ್ಲಿ ಹೊಸ ಬಿರುಕು.
- ನೆಟ್ಟಗಿದ್ದ ಮರ, ಕರೆಂಟ್ ಕಂಬ, ಬೇಲಿ ವಾಲುವುದು.
- ತಿಳಿಯಾಗಿದ್ದ ತೋಡು ಒಮ್ಮೆಲೇ ಕೆಂಪಗೆ ರಾಡಿಯಾಗುವುದು.
- ಮಳೆ ಸುರಿಯುತ್ತಿದ್ದರೂ ತೋಡಿನ ನೀರು ದಿಢೀರ್ ಇಳಿಯುವುದು. ಇದು ಎಲ್ಲಕ್ಕಿಂತ ಕೆಟ್ಟದ್ದು. ಮೇಲೆ ಎಲ್ಲೋ ಮಣ್ಣು, ಮರ ಅಡ್ಡ ಬಿದ್ದು ನೀರು ಕಟ್ಟಿಕೊಂಡಿರಬಹುದು.
- ಬಾಗಿಲು, ಕಿಟಕಿ ಇದ್ದಕ್ಕಿದ್ದಂತೆ ಬಿಗಿಯಾಗುವುದು, ಗೋಡೆ ಬಿರಿಯುವುದು.
- ಒಣಗಿದ್ದ ಕಡೆ ಹೊಸ ಜಲ (ಒರತೆ) ಏಳುವುದು, ಗುಡ್ಡದೊಳಗಿಂದ ಗುಡುಗಿದ ಹಾಗೆ ಸದ್ದು.

ಬಿರುಕು ಬೆಳೆಯುತ್ತಿದೆಯಾ ಅಂತ ತಿಳಿಯಲು ಎರಡೂ ಬದಿಗೆ ಒಂದೊಂದು ಗೂಟ ಹೊಡೆದು, ನಡುವಿನ ಅಂತರವನ್ನು ಬೆಳಿಗ್ಗೆ, ಸಂಜೆ ಟೇಪಿನಲ್ಲಿ ಅಳೆದು ಬರೆಯಿರಿ. ಇದು ಮಳೆ ಬಿಟ್ಟ ದಿನಗಳಲ್ಲಿ, ಹಳೆಯ ಬಿರುಕಿಗೆ ಮಾತ್ರ. ಮಳೆ ಹೊಡೆಯುವಾಗ ಹೊಸ ಬಿರುಕು ಕಂಡರೆ ಅಳೆಯುತ್ತಾ ನಿಲ್ಲಬೇಡಿ, ಹೊರಡಿ. ತೋಡಿನ ಉದ್ದಕ್ಕೆ ಓಡಬಾರದು, ಹರಿವಿಗೆ ಅಡ್ಡಲಾಗಿ ಬದಿಯ ದಿಣ್ಣೆಗೆ ಹೋಗಬೇಕು. ತುರ್ತಿಗೆ 112, ಜಿಲ್ಲೆಯ ವಿಪತ್ತು ಸಹಾಯವಾಣಿಗೆ 1077.

ಹಂತ 4: ಮೊದಲ ದಿನವೇ ಏನು ಬೇಕು, ಏನು ಬೇಡ ಅಂತ ಹೇಳಿ

ಕಸದ ಸಮಸ್ಯೆ ಬಗೆಹರಿಯುವುದು ಇಲ್ಲಿ, ಕಸದ ಬುಟ್ಟಿಯಲ್ಲಿ ಅಲ್ಲ. ಬೆಂಗಳೂರು, ಮೈಸೂರಿನ ಜನ ಟಿವಿ ನೋಡಿದ ಕೂಡಲೇ ಸಾಮಾನು ತುಂಬಲು ಶುರು ಮಾಡುತ್ತಾರೆ. ನಿಮ್ಮ ಸಂದೇಶ ಅವರಿಗೆ ಆ ಕೆಲವೇ ಗಂಟೆಗಳಲ್ಲಿ ತಲುಪಬೇಕು. ಮೊದಲೇ ಬರೆದಿಟ್ಟುಕೊಳ್ಳಿ, ಸಂಖ್ಯೆ ಮಾತ್ರ ತುಂಬಿ ವಾಟ್ಸಾಪ್‌ಗೆ ಹಾಕಿ. ಹೀಗಿದ್ದರೆ ಸಾಕು:

"ನಮ್ಮ ಕೇಂದ್ರದಲ್ಲಿ ___ ಜನ ಇದ್ದಾರೆ. ಬೇಕಾಗಿರುವುದು: ಹೊಸ ಒಳಉಡುಪು, ಕಂಬಳಿ, ಬಟ್ಟೆಯ ಸ್ಯಾನಿಟರಿ ಪ್ಯಾಡ್, ಮಕ್ಕಳ ಬಟ್ಟೆ, ಗ್ಯಾಸ್ ಸಿಲಿಂಡರ್, ಮೂಟೆಯಲ್ಲಿ ಅಕ್ಕಿ, ಬೇಳೆ. ಬೇಡ: ಹಳೆ ಬಟ್ಟೆ, ಬಾಟಲಿ ನೀರು, ಬಿಸ್ಕೆಟ್, ಒಮ್ಮೆ ಬಳಸಿ ಎಸೆಯುವ ತಟ್ಟೆ, ಮಾಡಿದ ಅಡುಗೆ. ಹೊರಡುವ ಮುಂಚೆ ಫೋನ್ ಮಾಡಿ. ದಿನಾಂಕ ___, ಇದಾದ ಮೇಲೆ ಹೊಸ ಪಟ್ಟಿ ಬರುತ್ತದೆ."

ದಿನಾಂಕ ಹಾಕುವುದು ಮರೆಯಬೇಡಿ. ದಿನಾಂಕವಿಲ್ಲದ ಸಂದೇಶ ತಿಂಗಳಾದರೂ ಸುತ್ತುತ್ತಲೇ ಇರುತ್ತದೆ, ಸಾಮಾನು ಬರುತ್ತಲೇ ಇರುತ್ತದೆ.

ಹಳೆ ಬಟ್ಟೆಯ ಬಗ್ಗೆ ಗಟ್ಟಿಯಾಗಿರಿ. ನಮ್ಮ ಮಳೆಯಲ್ಲಿ ಅದು ಒಣಗುವುದಿಲ್ಲ, ಎರಡೇ ದಿನಕ್ಕೆ ಬೂಸಲು ಹಿಡಿಯುತ್ತದೆ. ಯಾರೂ ಉಡದೆ ಕೊನೆಗೆ ಸುಡುವ ಅಥವಾ ಹೂಳುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ಮನೆ ಕಳೆದುಕೊಂಡವರಿಗೆ ಇನ್ನೊಬ್ಬರ ಹರಕು ಬಟ್ಟೆ ಕೈಗಿಡುವುದು ಮರ್ಯಾದೆಯ ಕೆಲಸವೂ ಅಲ್ಲ. ಅಕ್ಕಿ, ತರಕಾರಿಯನ್ನು ಆದಷ್ಟು ಹತ್ತಿರದ ಸಂತೆ, ಅಂಗಡಿಯಿಂದ ಕೊಳ್ಳಿ. ಮಳೆಗೆ ವ್ಯಾಪಾರ ನಿಂತುಹೋದ ಆ ಅಂಗಡಿಯವರೂ ನಷ್ಟದಲ್ಲೇ ಇದ್ದಾರೆ.

ಹಂತ 5: ಕುಡಿಯುವ ನೀರು

200 ಜನರಿಗೆ ತಲಾ 3 ಲೀಟರ್ ಬಾಟಲಿ ನೀರು ಅಂದರೆ ದಿನಕ್ಕೆ ಒಂದು ಲೀಟರಿನ 600 ಖಾಲಿ ಬಾಟಲಿ. ಅದೇ ನೀರು 20 ಲೀಟರಿನ 30 ಕ್ಯಾನಿನಲ್ಲಿ ಬರುತ್ತದೆ, ಕ್ಯಾನು ಮತ್ತೆ ತುಂಬುತ್ತದೆ. ಕುಡಿಯಲು, ಅಡುಗೆಗೆ, ಮೈ ಕೈ ತೊಳೆಯಲು ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಬೇಕು ಅನ್ನುವುದು ಸ್ಫಿಯರ್ ಎಂಬ ಅಂತರರಾಷ್ಟ್ರೀಯ ಮಾನದಂಡ. 200 ಜನರಿಗೆ 3000 ಲೀಟರ್. ಪಾತ್ರೆ, ನೆಲ, ಶೌಚಾಲಯ ತೊಳೆಯಲು ಚಾವಣಿ ನೀರು ಹಿಡಿದರೆ ಟ್ಯಾಂಕರ್ ಓಡಾಟ ಕಮ್ಮಿಯಾಗುತ್ತದೆ. ಇಷ್ಟು ಮಳೆ ಸುರಿಯುವ ಊರಿನಲ್ಲಿ ನೆಲ ತೊಳೆಯಲು ಟ್ಯಾಂಕರ್ ತರಿಸುವುದು ಸರಿಯಲ್ಲ, ಅಲ್ವಾ?

ಬಾವಿ ನೀರು ಶುದ್ಧ ಮಾಡುವಾಗ ಎಲ್ಲಿ ಎಡವುತ್ತಾರೆ ನೋಡಿ. ನೀರು ರಾಡಿಯಾಗಿದ್ದರೆ ಕ್ಲೋರಿನ್ ಕೆಲಸ ಮಾಡುವುದಿಲ್ಲ. ಮೊದಲು ಟ್ಯಾಂಕಿಗೆ ತುಂಬಿ, ಪಟಿಕ ಆಡಿಸಿ, ಕೆಸರು ತಳಕ್ಕೆ ಕೂರಲು ಬಿಡಿ. ಮೇಲಿನ ತಿಳಿನೀರನ್ನು ಇನ್ನೊಂದು ಟ್ಯಾಂಕಿಗೆ ತೆಗೆಯಿರಿ. ಎರಡು ಟ್ಯಾಂಕ್ ಬೇಕು ಅಂದದ್ದು ಇದಕ್ಕೇ.

ಒಳ್ಳೆಯ ಬ್ಲೀಚಿಂಗ್ ಪೌಡರ್ ಆದರೆ 1000 ಲೀಟರ್ ತಿಳಿನೀರಿಗೆ ಸುಮಾರು 2.5 ಗ್ರಾಂ. ಬಾವಿಯ ನೀರಿನ ಲೆಕ್ಕಕ್ಕೆ ಅಡ್ಡಳತೆಯನ್ನು ಅಡ್ಡಳತೆಯಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಆಮೇಲೆ 785ರಿಂದ ಗುಣಿಸಿ. ಅಳತೆ ಮೀಟರಿನಲ್ಲಿದ್ದರೆ ಉತ್ತರ ಲೀಟರಿನಲ್ಲಿ ಬರುತ್ತದೆ. 2 ಮೀಟರ್ ಅಗಲ, 3 ಮೀಟರ್ ನೀರು ಇರುವ ಬಾವಿಯಲ್ಲಿ 9420 ಲೀಟರ್, ಅದಕ್ಕೆ ಸುಮಾರು 24 ಗ್ರಾಂ. ಹಿಡಿಗಟ್ಟಲೆ ಸುರಿಯುವವರಿಗೆ ಈ ಲೆಕ್ಕ ಕೇಳಿದರೆ ನಂಬಿಕೆಯೇ ಬರುವುದಿಲ್ಲ.

ಪುಡಿಯನ್ನು ನೇರ ಬಾವಿಗೆ ಹಾಕಬೇಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದ ಹಾಗೆ ಕಲಸಿ, ಇನ್ನಷ್ಟು ನೀರು ಸೇರಿಸಿ ಹತ್ತು ನಿಮಿಷ ಬಿಡಿ. ತಳದಲ್ಲಿ ಬಿಳಿ ಸುಣ್ಣ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ, ಕೊಡದಿಂದ ನೀರನ್ನು ಮೇಲೆ ಕೆಳಗೆ ಕಲಕಿ. ಸುಣ್ಣ ಬಾವಿಗೆ ಹೋಗಬಾರದು. ಅರ್ಧ ಗಂಟೆ ಬಿಟ್ಟು ಕಿಟ್‌ನಲ್ಲಿ ಪರೀಕ್ಷೆ ಮಾಡಿ, ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಬಣ್ಣವೇ ಬರದಿದ್ದರೆ ಪುಡಿ ಹಳೆಯದು ಅಥವಾ ನೀರು ಕೊಳಕು, ಇನ್ನೊಂದಿಷ್ಟು ಹಾಕಿ ಮತ್ತೆ ನೋಡಿ. ಬ್ಲೀಚಿಂಗ್ ಪೌಡರನ್ನು ಟಾಯ್ಲೆಟ್ ಆಸಿಡ್ ಜೊತೆ ಬೆರೆಸಿದರೆ ವಿಷದ ಗಾಳಿ ಏಳುತ್ತದೆ. ಎರಡನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿ.

ಕೀಟನಾಶಕ ಅಥವಾ ಡೀಸೆಲ್ ಬೆರೆತ ಬಾವಿಗೆ ಇದ್ಯಾವುದೂ ನಡೆಯುವುದಿಲ್ಲ. ಆ ಬಾವಿ ಮುಚ್ಚಿ, ಬೋರ್ಡ್ ಹಾಕಿ, ಪಂಚಾಯತಿಗೆ ತಿಳಿಸಿ.

ಹಂತ 6: ಅಡುಗೆ, ಶೌಚಾಲಯ, ಕಸ

ಹಸಿ ಸೌದೆ ಹೊಗೆ ಜಾಸ್ತಿ, ಶಾಖ ಕಮ್ಮಿ. ಗ್ಯಾಸ್ ಇರಲಿ. ಸೌದೆಯೇ ಗತಿ ಅಂದರೆ ಬೇಸಿಗೆಯಲ್ಲಿ ಸವರಿದ ಕಾಫಿ ಕಡ್ಡಿಯನ್ನು ಮೊದಲೇ ಕೊಟ್ಟಿಗೆಯಲ್ಲಿ ಒಣಗಿಸಿಡಿ. ಊಟಕ್ಕೆ ಮುಂಚೆ ತಲೆ ಎಣಿಸಿ ಅಕ್ಕಿ ಹಾಕಿ. ತಟ್ಟೆಯನ್ನು ಉಂಡವರೇ ತೊಳೆಯಲಿ: ಒಂದು ಟಬ್ಬಿನಲ್ಲಿ ಉಜ್ಜಿ, ಎರಡನೆಯದರಲ್ಲಿ ತೊಳೆದು, ಮೂರನೆಯ ಬಿಸಿನೀರಿನಲ್ಲಿ ಅದ್ದಿ. ಕೇಂದ್ರದಲ್ಲಿರುವವರನ್ನು ಸುಮ್ನೆ ಕೂರಿಸಿ ಬಡಿಸುವುದಕ್ಕಿಂತ ಕೆಲಸದಲ್ಲಿ ಸೇರಿಸಿಕೊಳ್ಳುವುದು ಅವರ ಮನಸ್ಸಿಗೂ ಒಳ್ಳೆಯದು.

ಮುಸುರೆ ಕೇಳಿಕೊಂಡು ಹಂದಿ ಸಾಕುವವರು ಬರುತ್ತಾರೆ. ಮಾಂಸ ಬೆರೆತದ್ದನ್ನು ಕೊಡಬೇಡಿ, ಆಫ್ರಿಕನ್ ಹಂದಿ ಜ್ವರ ಹೀಗೂ ಹರಡುತ್ತದೆ. ಉಳಿದದ್ದನ್ನು ಕುದಿಸಿಯೇ ಹಾಕಲು ಹೇಳಿ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಹಸಿ ಕಸ, ಬಾಳೆಹಣ್ಣು, ಅಕ್ಕಿ ಮೂಟೆ ರಾತ್ರಿ ಹೊರಗೆ ಇದ್ದರೆ ಆನೆ ಬರುತ್ತದೆ. ಅಲ್ಲಿ ಹಸಿ ಕಸ ಸಂಜೆಯೊಳಗೆ ಮಣ್ಣಿನಡಿ ಹೋಗಬೇಕು. ಬೇರೆ ಕಡೆ ಸೂರಿನಡಿ ಒಣ ಎಲೆ, ಕಾಫಿ ಸಿಪ್ಪೆ ಪದರ ಹಾಕಿ ಗೊಬ್ಬರ ಮಾಡಬಹುದು. ಬಯಲಲ್ಲಿ ಮಾಡಿದರೆ ಎಲ್ಲ ಕೊಳೆತು ತೋಡಿಗೆ ಹರಿಯುತ್ತದೆ.

ಕಸಕ್ಕೆ ನಾಲ್ಕು ಡ್ರಮ್ ಸಾಕು: ಹಸಿ, ಒಣ, ಪ್ಯಾಡ್ ಮತ್ತು ಡೈಪರ್, ಔಷಧಿ ಮತ್ತು ಸೂಜಿ. ಕೊನೆಯದನ್ನು ಆರೋಗ್ಯ ಇಲಾಖೆಯವರ ಕೈಗೇ ಒಪ್ಪಿಸಿ. ಡ್ರಮ್ಮಿನ ಪಕ್ಕ ಬೋರ್ಡ್ ಹಾಕುವುದಕ್ಕಿಂತ ಊಟದ ಹೊತ್ತಿನಲ್ಲಿ ಒಬ್ಬರು ನಿಂತರೆ ಜಾಸ್ತಿ ಪ್ರಯೋಜನ.

ಶೌಚಾಲಯ 20 ಜನರಿಗೆ ಒಂದು ಬೇಕು. ಕೊಡಗಿನ ಮಳೆಗಾಲದಲ್ಲಿ ಗುಂಡಿ ತೋಡುವ ಯೋಚನೆ ಬೇಡ. ಗುಂಡಿಯ ತಳ ಅಂತರ್ಜಲಕ್ಕಿಂತ ಒಂದೂವರೆ ಮೀಟರ್ ಮೇಲಿರಬೇಕು, ಬಾವಿಯಿಂದ 30 ಮೀಟರ್ ದೂರ ಇರಬೇಕು. ಗದ್ದೆ ಬದಿಯಲ್ಲಿ ಎರಡು ಅಡಿಗೇ ನೀರು ಸಿಗುವಾಗ ಇದು ಆಗದ ಮಾತು. ಶಾಲೆ, ಮಂಟಪದ ಶೌಚಾಲಯ ಸಾಲದಿದ್ದರೆ ಮೊಬೈಲ್ ಟಾಯ್ಲೆಟ್ ಕೇಳಿ.

ಹಂತ 7: ಮಣ್ಣು ತೆಗೆಯುವುದು

ಇಡೀ ಕೆಲಸದಲ್ಲಿ ಅತಿ ದೊಡ್ಡ ಹಾನಿ ಆಗುವುದು ಇಲ್ಲಿ. ಬಾಟಲಿ, ತಟ್ಟೆಯ ಕಸವನ್ನು ಹೇಗಾದರೂ ಹೆಕ್ಕಬಹುದು. ತೋಡಿಗೆ ತಳ್ಳಿದ ನೂರು ಲೋಡ್ ಮಣ್ಣನ್ನು ಯಾರು ಹೆಕ್ಕುತ್ತಾರೆ? ಅದು ಕೆಳಗಿನ ಗದ್ದೆಗೆ, ಮೋರಿಗೆ, ಕೊನೆಗೆ ಹೊಳೆಗೆ ಇಳಿದು, ಮುಂದಿನ ವರ್ಷ ಕಮ್ಮಿ ಮಳೆಗೂ ನೀರು ಉಕ್ಕುವ ಹಾಗೆ ಮಾಡುತ್ತದೆ.

ಕ್ರಮ ಹೀಗಿರಲಿ. ಮೊದಲು ಅಧಿಕಾರಿಗಳಿಂದ, ರಕ್ಷಣಾ ತಂಡದಿಂದ 'ಇನ್ನು ಹೋಗಬಹುದು' ಅನ್ನುವ ಮಾತು ಬರಲಿ. ಕರೆಂಟ್ ತಂತಿ ಬಿದ್ದಿದ್ದರೆ ವಿದ್ಯುತ್ ಕಂಪನಿ ಸೆಸ್ಕ್‌ನವರು ಲೈನ್ ಆಫ್ ಮಾಡಿದ್ದು ಖಚಿತವಾಗಲಿ. ಆಮೇಲೆ ಮೋರಿ, ಸೇತುವೆ ಬಾಯಿಗೆ ಸಿಕ್ಕಿಕೊಂಡ ಮರ, ಬೇರು ತೆಗೆಯಿರಿ, ಅದು ನೀರು ಕಟ್ಟುವ ಜಾಗ. ಬಿದ್ದ ಮರವನ್ನು ತುಂಡು ಮಾಡಿ ಬದಿಗಿಡಬಹುದು, ಸಾಗಿಸುವ ಮುಂಚೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಆಮೇಲೆ ರಸ್ತೆ.

ಜೆಸಿಬಿ ಚಾಲಕರ ಜೊತೆ ಕೆಲಸ ಶುರುವಾಗುವ ಮುಂಚೆಯೇ ಮಾತಾಡಿ, ನಕ್ಷೆಯಲ್ಲಿ ಗುರುತಿಸಿದ ಎರಡು ಜಾಗ ತೋರಿಸಿ. ಜಾಗ ಮೊದಲೇ ಗೊತ್ತಿಲ್ಲದಿದ್ದರೆ ಅವರಿಗೆ ಹತ್ತಿರದ ಇಳಿಜಾರೇ ಜಾಗ. ಮಣ್ಣು ಹಾಕುವ ಜಾಗ ಸಮತಟ್ಟಾಗಿರಬೇಕು, ತೋಡಿನಿಂದ ದೂರ ಇರಬೇಕು, ಕೆಳಗೆ ಮನೆ ಇರಬಾರದು. ಗುಡ್ಡೆ ಎತ್ತರ ಮಾಡದೆ ಅಗಲವಾಗಿ ಹರಡಿ, ಪದರ ಪದರವಾಗಿ ಅದುಮಿ, ಕೆಳಬದಿಗೆ ಬಿದಿರಿನ ತಡಿಕೆ ಕಟ್ಟಿ. ಕಪ್ಪು ಮೇಲ್ಮಣ್ಣು ಸಿಕ್ಕರೆ ಬೇರೆ ಇಡಿ, ಗಿಡ ನೆಡುವಾಗ ಅದು ಬೇಕಾಗುತ್ತದೆ.

ಅತಿ ಅಪಾಯದ ತಪ್ಪು ಒಂದಿದೆ. ಕುಸಿದು ಬಂದು ಬುಡದಲ್ಲಿ ನಿಂತ ಮಣ್ಣು ಎಷ್ಟೋ ಸಲ ಮೇಲಿನ ಇಳಿಜಾರಿಗೆ ಆಸರೆ ಕೊಡುತ್ತಿರುತ್ತದೆ. ಚೊಕ್ಕಟ ಮಾಡುವ ಹುರುಪಿನಲ್ಲಿ ಬುಡ ಪೂರ್ತಿ ಬಗೆದರೆ ಮೇಲಿನದು ಮತ್ತೆ ಬರುತ್ತದೆ. ರಸ್ತೆಗೆ ಬೇಕಾದಷ್ಟೇ ತೆಗೆಯಿರಿ, ಉಳಿದದ್ದನ್ನು ಇಂಜಿನಿಯರ್ ಅಥವಾ ಭೂವಿಜ್ಞಾನಿ ನೋಡುವವರೆಗೆ ಬಿಡಿ. ಬರೆಯನ್ನು ಮತ್ತಷ್ಟು ನೆಟ್ಟಗೆ ಕೆತ್ತಬೇಡಿ. ಮೇಲೊಬ್ಬರು ಸೀಟಿ ಹಿಡಿದು ಕಾವಲು ನಿಲ್ಲಲೇಬೇಕು.

ಕೆಸರಿನಲ್ಲಿ ಕೆಲಸ ಮಾಡುವವರು ಗಮ್‌ಬೂಟು ಹಾಕಲಿ, ಗಾಯ ಮುಚ್ಚಿಕೊಳ್ಳಲಿ. ಇಲಿ ಜ್ವರ ಬರುವುದು ಈ ನೀರಿನಿಂದಲೇ. ಜ್ವರ, ಮೈಕೈ ನೋವು ಬಂದರೆ ಕೆಸರಿನಲ್ಲಿ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ಹೇಳಬೇಕು. ಸತ್ತ ದನಕರುಗಳನ್ನು ಹೊಳೆಗೆ ತಳ್ಳದೆ ಪಶು ವೈದ್ಯರಿಗೆ ತಿಳಿಸಿ, ಅವರು ತೋರಿಸಿದ ಕಡೆ ಆಳವಾಗಿ ಹೂಳಿ.

ಹಂತ 8: ಬೋಳು ಇಳಿಜಾರು ಮುಚ್ಚುವುದು

ಬಿರುಕಿಗೆ ಜೇಡಿಮಣ್ಣು ತುಂಬಿ ಅದುಮಿ, ಟಾರ್ಪಾಲು ಹೊದಿಸಿ. ಮೇಲಿಂದ ಬರುವ ನೀರನ್ನು ಬಿರುಕಿಗೆ ಹೋಗದ ಹಾಗೆ ಬದಿಗೆ ತಿರುಗಿಸಿ. ಟಾರ್ಪಾಲು ಮಳೆಗಾಲ ಮುಗಿದ ಕೂಡಲೇ ವಾಪಸ್ ತನ್ನಿ, ಬಿಸಿಲಿಗೆ ಚೂರಾದರೆ ಹೆಕ್ಕಲಾಗುವುದಿಲ್ಲ.

ಮಳೆ ನೀರು ನೆಲಕ್ಕೆ ಇಳಿಸುವ ಇಂಗುಗುಂಡಿ ಎಲ್ಲ ಕಡೆ ಒಳ್ಳೆಯದಲ್ಲ. ಬಿರುಕು ಬಿಟ್ಟ ಇಳಿಜಾರಿನ ಮೇಲೆ ನೀರು ಇಂಗಿಸುವುದು ಕುಸಿತವನ್ನು ಕರೆದ ಹಾಗೆ. ಅಲ್ಲಿ ನೀರು ಆದಷ್ಟು ಬೇಗ, ಮಣ್ಣು ಕೊರೆಯದೆ, ಹೊರಗೆ ಹರಿದುಹೋಗಬೇಕು.

ಮಣ್ಣು ಹಿಡಿಯಲು ಲಾವಂಚ ಚೆನ್ನಾಗಿ ಒಗ್ಗುತ್ತದೆ. ಬೇರು 2ರಿಂದ 3 ಮೀಟರ್ ಕೆಳಗೆ ನೇರ ಇಳಿಯುತ್ತದೆ. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದ ಸಾಲಿನಲ್ಲಿ, ಸಸಿಯಿಂದ ಸಸಿಗೆ 10ರಿಂದ 15 ಸೆಂ.ಮೀ. ಬಿಟ್ಟು ನೆಡಿ. ದೂರ ದೂರ ನೆಟ್ಟರೆ ನಡುವೆ ನೀರು ಕೊರೆದು ಸಾಲೇ ಕೆಲಸಕ್ಕೆ ಬಾರದು. ಜೂನ್ ಮೊದಲ ಮಳೆ ಇದಕ್ಕೆ ಹೊತ್ತು, ಹಾಗಾಗಿ ಈ ವರ್ಷದ ಬೋಳಿಗೆ ಈಗ ತೆಂಗಿನ ನಾರಿನ ಬಲೆ ಮತ್ತು ಹುಲ್ಲು, ಲಾವಂಚ ಮುಂದಿನ ಜೂನ್‌ಗೆ. ತುಂಬ ಆಳದಿಂದ ಜಾರಿದ ಗುಡ್ಡವನ್ನು ಯಾವ ಹುಲ್ಲೂ ತಡೆಯುವುದಿಲ್ಲ, ಅಲ್ಲಿ ಮನೆ ಕಟ್ಟದಿರುವುದೇ ದಾರಿ.

ಬೇಗ ಬೆಳೆಯುತ್ತದೆ ಅಂತ ಸಿಲ್ವರ್ ಓಕ್ ಒಂದನ್ನೇ ಸಾಲಾಗಿ ನೆಡಬೇಡಿ. ಅಂಚಿನಿಂದ ಹಿಂದೆ ಸರಿದು ಅತ್ತಿ, ಹಲಸು, ನೇರಳೆ, ಹೆಬ್ಬಲಸು ಬೆರೆಸಿ ನೆಡಿ. ಲಂಟಾನ ಬಂದರೆ ಬೇರು ಕೀಳದೆ ಕತ್ತಿಯಲ್ಲಿ ಸವರಿ, ಕಿತ್ತರೆ ಮಣ್ಣು ಸಡಿಲವಾಗುತ್ತದೆ. ಮರದ ಆಯ್ಕೆಗೆ ಪೊನ್ನಂಪೇಟೆಯ ಅರಣ್ಯ ಕಾಲೇಜು, ಗದ್ದೆಯ ಮೆಕ್ಕಲಿಗೆ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ, ತೋಟಕ್ಕೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರವನ್ನು ಕೇಳಿ.

ಹಂತ 9: ಕೇಂದ್ರ ಮುಚ್ಚುವ ದಿನ

ಜನ ಮನೆಗೆ ಹೋದ ಮೇಲೆ ಕನಿಷ್ಠ ಎರಡು ದಿನ ತಂಡ ಉಳಿಯಬೇಕು. ಸಾಲ ತಂದ ತಟ್ಟೆ ಎಣಿಸಿ ಒಪ್ಪಿಸಿ. ಒಣ ಕಸ ಪಂಚಾಯತಿಯ ಗಾಡಿಗೆ ಹೋದದ್ದನ್ನು ಕಣ್ಣಾರೆ ನೋಡಿ. ಶೌಚಾಲಯದ ಗುಂಡಿ ತುಂಬಿದ್ದರೆ ಖಾಲಿ ಮಾಡಿಸಿ, ಶಾಲೆ ತೆರೆದ ದಿನ ಮಕ್ಕಳಿಗೆ ಅದೇ ಬೇಕು. ಉಳಿದ ಬ್ಲೀಚಿಂಗ್ ಪೌಡರನ್ನು ಮುಂದಿನ ವರ್ಷಕ್ಕೆ ಇಡಬೇಡಿ, ಶಕ್ತಿ ಹೋಗಿರುತ್ತದೆ. ಅದನ್ನು ಪಂಚಾಯತಿಗೆ ಕೊಡಿ, ಊರಿನ ಬಾವಿಗಳಿಗೆ ಈಗಲೇ ಬೇಕು.

ಏನು ಬಂತು, ಎಷ್ಟು ಬಳಸಿದೆವು, ಎಷ್ಟು ದಂಡವಾಯಿತು ಅಂತ ಒಂದು ಪುಟ ಬರೆದು ನಕ್ಷೆಯ ಜೊತೆ ಇಡಿ. ಹೊಸದಾಗಿ ಕುಸಿದ ಬರೆ, ಹೊಸ ಜಲ, ದಾರಿ ಬದಲಿಸಿದ ತೋಡು ಇವನ್ನೆಲ್ಲ ಅವೇ ದಿನಗಳಲ್ಲಿ ನಕ್ಷೆಗೆ ಸೇರಿಸಿ. ಸೆಪ್ಟೆಂಬರ್ ಮೊದಲಿನ ಕೈಲ್‌ ಪೊಳ್ದ್ ಹಬ್ಬ ಕಳೆದು ಕಾಡು ಚಿಗುರಿದರೆ ಆ ಗುರುತುಗಳು ಕಣ್ಣಿಗೆ ಸಿಗುವುದಿಲ್ಲ.